ಹೇಲೇಜ್ ಕಡಿಮೆ ಹಾಕಿದರೆ ಸಾಕೇ? ಒಂದು ಸ್ಪಷ್ಟನೆ

"ಹೇಲೇಜ್‌ನಲ್ಲಿ ಶಕ್ತಿ ಜಾಸ್ತಿ, ಹಾಗಾಗಿ ಕುದುರೆಗೆ ಒಣಹುಲ್ಲಿಗಿಂತ ಕಡಿಮೆ ತೂಕ ಹಾಕಿದರೆ ಸಾಕು" ಎಂಬ ಮಾತು ಓಡಾಡುತ್ತಿದೆ. ಇದನ್ನು ನಂಬಿದರೆ ಕುದುರೆ ಅರೆಹೊಟ್ಟೆಯಲ್ಲಿರುತ್ತದೆ.

ಹೇಲೇಜ್ ಅಂದರೆ ಅರ್ಧ ಒಣಗಿದ ಹುಲ್ಲನ್ನು ಗಾಳಿಯಾಡದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹುದುಗಿಸಿದ್ದು. ಅದರಲ್ಲಿ ನೀರು ಜಾಸ್ತಿ. ಒಣಹುಲ್ಲಿನಲ್ಲಿ ಒಣ ಅಂಶ, ಅಂದರೆ ನೀರು ಬಿಟ್ಟು ಉಳಿಯುವ ಭಾಗ, ಸುಮಾರು 85%, ಹೇಲೇಜ್‌ನಲ್ಲಿ ಸಾಮಾನ್ಯವಾಗಿ 50ರಿಂದ 70%. ಲೆಕ್ಕ ಹಾಕಿ ನೋಡಿ. ಕುದುರೆಗೆ ದಿನಕ್ಕೆ ಮೈತೂಕದ 1.5%ನಷ್ಟಾದರೂ ಒಣ ಅಂಶ ಬೇಕು. 500 ಕಿಲೋ ಕುದುರೆಗೆ 7.5 ಕಿಲೋ ಆಯಿತು. ಅಷ್ಟಕ್ಕೆ ಒಣಹುಲ್ಲು ಸುಮಾರು 9 ಕಿಲೋ ಸಾಕು. ಹೇಲೇಜ್ ಆದರೆ, ಒಣ ಅಂಶ 60% ಇದ್ದಾಗ, 12.5 ಕಿಲೋ ಬೇಕು. ಜಾಸ್ತಿಯೇ ಆಯಿತು, ಅಲ್ವಾ? ಮೇವು ಕಮ್ಮಿಯಾದರೆ ಹೊಟ್ಟೆಹುಣ್ಣು, ಹೊಟ್ಟೆನೋವು ಕಾಡಬಹುದು.

ಹಾಗಂತ ಮೈ ಬಂದಿರುವ ಕುದುರೆಗೂ ಶಕ್ತಿ ಹೆಚ್ಚಿರುವ ಹೇಲೇಜ್ ಸುರಿಯಬೇಡಿ. ಅದಕ್ಕೆ ನೆನೆಸಿದ ಒಣಹುಲ್ಲೇ ಮೇಲು. ಧೂಳಿಗೆ ಕೆಮ್ಮುವ ಕುದುರೆಗಾದರೆ ಹೇಲೇಜ್ ನಿಜಕ್ಕೂ ಒಳ್ಳೆಯದು.

ಹೇಲೇಜ್ ಬೇಲ್ (ಸುತ್ತಿದ ಕಟ್ಟು) ಬಿಚ್ಚಿದ ಮೇಲೆ ಮೂರ್ನಾಲ್ಕು ದಿನದಲ್ಲಿ ಖಾಲಿ ಮಾಡಿ. ಪ್ಲಾಸ್ಟಿಕ್ ತೂತಾಗಿ ಒಳಗೆ ಬೂಷ್ಟು ಹಿಡಿದಿದ್ದರೆ ಎಸೆದುಬಿಡಿ. ದುಡ್ಡಿನ ಮುಖ ನೋಡಬೇಡಿ, ಕೆಟ್ಟ ಹೇಲೇಜ್‌ನಿಂದ ಬರುವ ಬೊಟುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಸೋಲುವ ಕಾಯಿಲೆ) ಕುದುರೆಯ ಪ್ರಾಣವನ್ನೇ ತೆಗೆಯಬಹುದು.