ಪಕ್ಕದ ಚಿತ್ರ

ಗ್ರೂಪ್ ಶೋಗೆ ಚಿತ್ರ ಬಿಡಿಸುವವರ ಚಿಂತೆಯೇ ಬೇರೆ. ಅದು ತಮ್ಮ ಚಿತ್ರದ್ದಲ್ಲ, ಪಕ್ಕದಲ್ಲಿ ಯಾರ ಚಿತ್ರ ಬರುತ್ತದೋ ಅನ್ನುವುದು. ಕಲಾವಿದರನ್ನು ಕೇಳಿದರೆ ಒಪ್ಪುವುದಿಲ್ಲ, ಬಿಡಿ. ‘ನಾನು ನನ್ನ ಖುಷಿಗೆ ಬಿಡಿಸೋದು’ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ಮೈಸೂರಿನ ಕಲಾಮಂದಿರದ ಆವರಣದಲ್ಲಿರುವ ಸುಚಿತ್ರ ಗ್ಯಾಲರಿಯಲ್ಲಿ ನಾವು ಗೆಳೆಯರು ಸೇರಿ ಪ್ರದರ್ಶನ ಮಾಡೋಣ ಅಂದುಕೊಂಡಿದ್ದೇವೆ. ನನ್ನದು ಜಲವರ್ಣ. ದೇವರಾಜ ಮಾರುಕಟ್ಟೆಯ ಹೂವಿನ ಸಾಲು ಈ ಸಲದ ವಿಷಯ. ಸೇವಂತಿಗೆ, ಕನಕಾಂಬರ ಕಷ್ಟವಿಲ್ಲ. ಬಣ್ಣದಲ್ಲಿ ಕುಂಚ ಮುಳುಗಿಸಿ ಎಳೆದರಾಯಿತು. ಮಲ್ಲಿಗೆಯದ್ದೇ ಕಾಟ. ಜಲವರ್ಣದಲ್ಲಿ ಬಿಳಿ ಬೇಕಾದರೆ ಹಚ್ಚುವುದಿಲ್ಲ, ಕಾಗದವನ್ನು ಹಾಗೇ ಬಿಡುತ್ತೇವೆ. ಬಿಳಿ ಬಣ್ಣದ ಟ್ಯೂಬು ಇಲ್ಲ ಅಂತಲ್ಲ, ಅದನ್ನು ಮುಟ್ಟುವುದು ನಮ್ಮ ಪೈಕಿಯವರಿಗೆ ಸ್ವಲ್ಪ ಅವಮಾನ. ಹಾಗಾಗಿ ಮಲ್ಲಿಗೆ ಮಾರುವವಳ ಇಡೀ ಬುಟ್ಟಿ, ನಾನು ಏನೂ ಮಾಡದೆ ಬಿಟ್ಟ ಜಾಗ. ಅಲ್ಲಿ ಇಷ್ಟು ನೀಲಿ ನೆರಳು ಬಿದ್ದರೆ ಹೂವು, ಸ್ವಲ್ಪ ಜಾಸ್ತಿಯಾದರೆ ಒಗೆಯದ ಬಟ್ಟೆಯ ಗಂಟು.

ಇಂಥ ಚಿತ್ರದ ಪಕ್ಕ ನಮ್ಮ ಮೈಸೂರು ಶೈಲಿಯ ಚಾಮುಂಡೇಶ್ವರಿ ಬಂದರೆ ಕಥೆ ಮುಗಿಯಿತು. ಆ ಚಿತ್ರದ ಮೇಲೆ ನನಗೆ ಅಸೂಯೆಯಿಲ್ಲ. ಸಫೇದ ಅನ್ನುವ ಬಿಳಿ ಪುಡಿಗೆ ಅಂಟು ಸೇರಿಸಿ ಗೆಸ್ಸೊ ಅನ್ನುವ ಲೇಪ ಮಾಡಿಕೊಂಡು, ಒಡವೆಯ ಒಂದೊಂದು ಎಳೆಯನ್ನೂ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುವುದು ಸುಮ್ನೆ ಮಾತಲ್ಲ. ತಂಜಾವೂರಿನವರಂತೆ ದಪ್ಪವಾಗಿ ಉಬ್ಬಿಸುವುದಿಲ್ಲ, ತೆಳುವಾಗಿಯೇ ಇರಬೇಕು. ಆದರೂ ಗ್ಯಾಲರಿಯ ದೀಪ ಹಾಕಿದೊಡನೆ ಚಿನ್ನ ಚಿನ್ನವೇ. ಜನ ಅಲ್ಲಿ ಕೈ ಮುಗಿಯುತ್ತಾರೆ. ಆಮೇಲೆ ನನ್ನ ಕಡೆ ಬಂದು, ಫ್ರೇಮಿನ ಗಾಜಿನಲ್ಲಿ ತಲೆ ಸರಿ ಮಾಡಿಕೊಂಡು ಮುಂದೆ ಹೋಗುತ್ತಾರೆ.

ಜಲವರ್ಣಕ್ಕೆ ಸಿಕ್ಕ ರಾಜಮರ್ಯಾದೆ ನೋಡಬೇಕಾದರೆ ಜಗನ್ಮೋಹನ ಅರಮನೆಗೇ ಹೋಗಬೇಕು. 1861ರಲ್ಲಿ ಕಟ್ಟಿದ ಆ ಅರಮನೆ 1915ರಲ್ಲಿ ಕಲಾ ಗ್ಯಾಲರಿಯಾಯಿತು. ಅಲ್ಲಿನ ದೀಪ ಹಿಡಿದ ಹೆಂಗಸಿನ ಜಲವರ್ಣ ಚಿತ್ರ ಯಾರಿಗೆ ಗೊತ್ತಿಲ್ಲ? ಅದನ್ನು ಕತ್ತಲ ಕೋಣೆಯಲ್ಲಿ ಪ್ರತ್ಯೇಕವಾಗಿಟ್ಟು ತೋರಿಸುತ್ತಿದ್ದರು. ಕತ್ತಲಲ್ಲಿ ಆ ಮುಖದ ಬೆಳಕು ನೋಡಿ ದೀಪ ನಿಜವಾಗಿ ಉರಿಯುತ್ತಿದೆ ಅಂದುಕೊಂಡವರೆಷ್ಟೋ! ಅಷ್ಟೆಲ್ಲ ಆಗಿ, ಹೊರಗೆ ಬಂದವರು ಹೇಳುವುದೇನು? ‘ರವಿವರ್ಮನ ಚಿತ್ರ ಎಷ್ಟು ಚೆನ್ನಾಗಿದೆ, ಅಲ್ವಾ?’ ಬಿಡಿಸಿದವರು ಎಸ್. ಎಲ್. ಹಲ್ದಂಕರ್. ಆದರೆ ರವಿವರ್ಮನ ಚಿತ್ರಗಳೂ ಅದೇ ಕಟ್ಟಡದಲ್ಲಿವೆಯಲ್ಲ! ಸ್ವಂತ ಕೋಣೆ ಇದ್ದವರ ಗತಿಯೇ ಹೀಗಾದರೆ, ನಾಲ್ಕು ಅಡಿ ಗೋಡೆಯ ನನ್ನಂಥವನದೇನು?

ಅದಕ್ಕೇ ಈ ಸಲ ಮುಂಜಾಗ್ರತೆ ವಹಿಸಿದೆ. ಚಾಮುಂಡೇಶ್ವರಿ ಬರೆಯುವ ಗೆಳೆಯರಿಗೆ ಫೋನ್ ಮಾಡಿ, ‘ಸಾರ್, ನಿಮ್ಮದು ಎಷ್ಟು ಅಗಲ ಬರುತ್ತೆ?’ ಅಂತ ಮೆಲ್ಲಗೆ ಕೇಳಿದೆ.

‘ಅದೇ ಯೋಚನೆ ಸಾರ್,’ ಅಂದರು. ‘ಈ ಸಲ ಚಿನ್ನ ಬಿಟ್ಟು ಜಲವರ್ಣ ಮಾಡೋಣ ಅಂತಿದ್ದೀನಿ. ಮಾರ್ಕೆಟ್ಟಿನ ಹೂವು ಹೇಗಿರುತ್ತೆ?’