ಪೊರಕೆ ಬೀಸಿ, ಇದು ಸರ್ಕಾರದ ಸಲಹೆ

ಆ ಸೋಮವಾರ ಅಳಿಯಂದಿರಿಗೆ ಕಚೇರಿಗೆ ಹೋಗಲು ಆಗಲಿಲ್ಲ. ಕಾರಿನ ಬಾಗಿಲಿಗೆ ಅಡ್ಡವಾಗಿ ಒಬ್ಬ ಮಹಾಶಯ ನಿಂತಿದ್ದ. ಎದೆ ಉಬ್ಬಿಸಿಕೊಂಡು, ಬಾಲದ ಗರಿಗಳನ್ನೆಲ್ಲ ಬೀಸಣಿಗೆಯಂತೆ ಬಿಚ್ಚಿಕೊಂಡು, ಫಳಫಳ ಹೊಳೆಯುವ ಕಪ್ಪು ಬಾಗಿಲಿನಲ್ಲಿ ಕಂಡ ತನ್ನದೇ ಮುಖವನ್ನು ಟಕಟಕ ಕುಕ್ಕುತ್ತಿದ್ದ. ತಲೆ ಒಮ್ಮೆ ಕೆಂಪಾಗುತ್ತಿತ್ತು, ಒಮ್ಮೆ ನೀಲಿಯಾಗುತ್ತಿತ್ತು. ಕೊಕ್ಕಿನ ಮೇಲಿಂದ ಒಂದು ತುಂಡು ಮಾಂಸ ಸೊಂಡಿಲಿನಂತೆ ಜೋತಾಡುತ್ತಿತ್ತು. ಹತ್ತು ಕಿಲೋ ತೂಗುವ ಕಾಡು ಟರ್ಕಿ ಕೋಳಿ. ಗಂಡು.

ಅಳಿಯಂದಿರು ಮೊಬೈಲ್ ತೆಗೆದು ಮೇಲಧಿಕಾರಿಗೆ ಸಂದೇಶ ಕಳಿಸಿದರು: ಟರ್ಕಿ ಅಡ್ಡ ನಿಂತಿದೆ, ಬರಲಾಗುತ್ತಿಲ್ಲ. ಮರುಕ್ಷಣವೇ ಉತ್ತರ ಬಂತು: ಪರವಾಗಿಲ್ಲ, ನಮ್ಮ ಬೀದಿಯಲ್ಲಿ ಐದು ಇವೆ, ಮನೆಯಿಂದಲೇ ಕೆಲಸ ಮಾಡಿ. ನಾನು ಮೂವತ್ತನಾಲ್ಕು ವರ್ಷ ಮೇಷ್ಟರಾಗಿದ್ದವನು. ಒಂದೇ ಅಜ್ಜಿ ಒಂದೇ ವರ್ಷದಲ್ಲಿ ನಾಲ್ಕು ಬಾರಿ ತೀರಿಕೊಂಡ ರಜಾ ಅರ್ಜಿಗಳಿಗೂ ಸಹಿ ಹಾಕಿದ್ದೇನೆ. ಆದರೆ ‘ಕೋಳಿ ಬಿಡಲಿಲ್ಲ’ ಎಂಬ ಕಾರಣವನ್ನು ಬರೆಯುವ ಧೈರ್ಯ ನನ್ನ ಯಾವ ವಿದ್ಯಾರ್ಥಿಗೂ ಬಂದಿರಲಿಲ್ಲ.

ಮಗಳ ಮನೆ ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ನಿನ ಹೊರವಲಯದಲ್ಲಿ. ನಾವು ಸಾಗರದ ಕಡೆಯವರು. ಮೇ ತಿಂಗಳ ಕೊನೆಗೆ ಬಂದಿದ್ದೆವು. ಮಂಗಗಳ ಕಾಟ ತಡೆಯಲು ಮಲೆನಾಡಿನಲ್ಲಿ ಮಂಕಿ ಪಾರ್ಕ್ ಮಾಡುತ್ತೇವೆ ಎಂದು ಸರ್ಕಾರ ಹೇಳಿದಾಗ ನಮ್ಮೂರಿನ ಚಹಾದಂಗಡಿಯಲ್ಲಿ ಕುಳಿತು ವಾರಗಟ್ಟಲೆ ನಕ್ಕಿದ್ದೆವು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದಲ್ಲಿ ಇಂಥದ್ದಕ್ಕೆಲ್ಲ ಏನು ವ್ಯವಸ್ಥೆ ಇರಬಹುದು ಎಂದು ನೋಡುವ ಕುತೂಹಲ ನನಗಿತ್ತು. ಮಗಳು ಊರಿನ ಕಚೇರಿಗೆ ಫೋನ್ ಮಾಡಿದಳು. ಅತ್ತಲಿಂದ ಬಹಳ ವಿನಯದ ದನಿಯೊಂದು, ರಾಜ್ಯದ ವನ್ಯಜೀವಿ ಇಲಾಖೆಯ ಸಲಹೆಗಳನ್ನು ಓದಿಕೊಳ್ಳಿ ಎಂದಿತು. ಓದಿದೆವು.

ಸಲಹೆ ಏನೆಂದರೆ, ಹಕ್ಕಿ ನಿಮ್ಮನ್ನು ಹೆದರಿಸಲು ಬಿಡಬೇಡಿ. ನೀವೇ ಅದನ್ನು ಹೆದರಿಸಿ. ಗಟ್ಟಿಯಾಗಿ ಸದ್ದು ಮಾಡಿ, ಪೊರಕೆ ಬೀಸಿ, ಪೈಪಿನಿಂದ ನೀರು ಹಾರಿಸಿ. ಹೊಳೆಯುವ ವಸ್ತುಗಳಿದ್ದರೆ ಮುಚ್ಚಿಡಿ. ನೆರೆಹೊರೆಯವರಿಗೂ ಹೇಳಿ, ಎಲ್ಲರೂ ಹೀಗೆಯೇ ಮಾಡದಿದ್ದರೆ ಪ್ರಯೋಜನವಿಲ್ಲ. ಅಂದರೆ ಊರಿಗೆ ಊರೇ ಪೊರಕೆ ಹಿಡಿದು ಬೀದಿಗಿಳಿಯಬೇಕು. ಕಾರಣವನ್ನೂ ಕೊಟ್ಟಿದ್ದಾರೆ. ಟರ್ಕಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಮೇಲು ಕೀಳಿನ ಸಾಲೊಂದು ಇರುತ್ತದೆ. ಮನುಷ್ಯರಿಗೆ ಒಗ್ಗಿಹೋದ ಹಕ್ಕಿ ನಿಮ್ಮನ್ನೂ ಆ ಸಾಲಿಗೆ ಸೇರಿಸಿಕೊಳ್ಳುತ್ತದೆ. ನೀವು ಅಂಜಿದರೆ ನಿಮ್ಮ ಸ್ಥಾನ ಅದರ ಕೆಳಗೆ. ನಮ್ಮ ತಾಲ್ಲೂಕು ಕಚೇರಿಯಲ್ಲೂ ಇದೇ ಪದ್ಧತಿ. ಅಲ್ಲಿ ಅದನ್ನು ಬರೆದು ಪ್ರಕಟಿಸಿಲ್ಲ, ಅಷ್ಟೇ. ಆದರೆ ‘ನಾಗರಿಕರೇ, ಕೋಳಿಯೊಂದರ ದೃಷ್ಟಿಯಲ್ಲಿ ನೀವು ಅದಕ್ಕಿಂತ ಕೆಳಗಿನವರಾಗಿರಬಹುದು’ ಎಂದು ಪ್ರಜೆಗಳಿಗೆ ತಿಳಿಸಿ ಹೇಳುವ ಸರ್ಕಾರವನ್ನು ನಾನು ಮೊದಲ ಬಾರಿಗೆ ಕಂಡೆ.

ಈ ಕೋಳಿ ತಾನಾಗಿ ಬಂದದ್ದೂ ಅಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಕಾಡು ಟರ್ಕಿಗಳ ವಂಶ 1851ರ ಹೊತ್ತಿಗೇ ಮುಗಿದಿತ್ತು. ಕಾಡು ಕಡಿದು ಹೊಲ ಮಾಡಿದ್ದರು, ಸಿಕ್ಕಿದ್ದನ್ನೆಲ್ಲ ಹೊಡೆದು ತಿಂದಿದ್ದರು. ಆಮೇಲೆ ಪಶ್ಚಾತ್ತಾಪ ಹುಟ್ಟಿ, ಗೂಡಿನಲ್ಲಿ ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಅವು ಉಳಿಯಲಿಲ್ಲ. ಕೊನೆಗೆ 1972 ಮತ್ತು 73ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾಡಿನಿಂದ 37 ಹಕ್ಕಿಗಳನ್ನು ಹಿಡಿದು ತಂದು ಪಶ್ಚಿಮದ ಬರ್ಕ್‌ಷೈರ್ ಬೆಟ್ಟಗಳಲ್ಲಿ ಬಿಟ್ಟರು. ಬೆಟ್ಟದಲ್ಲಿ ಇರುತ್ತವೆ ಎಂದುಕೊಂಡಿದ್ದರು. ಈಗ ರಾಜ್ಯದಲ್ಲಿ 30,000ಕ್ಕೂ ಹೆಚ್ಚು ಇವೆ ಎಂದು ಇಲಾಖೆಯೇ ಅಂದಾಜು ಮಾಡುತ್ತದೆ. ಅವುಗಳಲ್ಲಿ ಬುದ್ಧಿವಂತರೆಲ್ಲ ಊರು ಸೇರಿದ್ದಾರೆ. ಬುದ್ಧಿವಂತರು ಎಂದದ್ದು ಸುಮ್ಮನೆ ಅಲ್ಲ. ಟರ್ಕಿ ಬೇಟೆಗೆ ಇಲ್ಲಿ ಋತುವಿದೆ, ಪರವಾನಗಿ ಇದೆ. ಆದರೆ ಒಳಗಿರುವವರ ಒಪ್ಪಿಗೆ ಇಲ್ಲದೆ ವಾಸದ ಮನೆಯಿಂದ 500 ಅಡಿಯೊಳಗೆ ಬಂದೂಕು ಹಾರಿಸುವಂತಿಲ್ಲ. ಉಪನಗರದಲ್ಲಿ ಯಾವ ಮನೆಯಿಂದಲೂ 500 ಅಡಿ ದೂರವಿರುವ ಜಾಗ ಹುಡುಕಿದರೂ ಸಿಗುವುದಿಲ್ಲ. ಬೇಟೆಗಾರರು ಕಾಡಿನಲ್ಲಿ ಟರ್ಕಿಯನ್ನು ಅರಸುತ್ತಾ ಮೈಲಿಗಟ್ಟಲೆ ನಡೆಯುತ್ತಾರೆ. ಟರ್ಕಿ ನಮ್ಮ ಮೆಟ್ಟಿಲ ಮೇಲೆ ಕುಳಿತು ಗರಿ ತಿದ್ದಿಕೊಳ್ಳುತ್ತದೆ.

ಪೊರಕೆಯ ಸಲಹೆಯನ್ನು ಮೊದಲು ಜಾರಿಗೆ ತಂದವನು ನಾನು. ನಾಲ್ಕು ಹೆಜ್ಜೆ ಮುಂದೆ ಹೋದೆ. ಅದು ಎಂಟು ಹೆಜ್ಜೆ ಮುಂದೆ ಬಂತು. ಇದರ ಓಟ ಗಂಟೆಗೆ 40 ಕಿಲೋಮೀಟರ್ ಎಂದು ಆಮೇಲೆ ತಿಳಿಯಿತು; ನನ್ನದು ಎಷ್ಟು ಎಂದು ಮಗಳು ಕಿಟಕಿಯಿಂದ ವೀಡಿಯೊ ಮಾಡಿಕೊಂಡಿದ್ದಾಳೆ.

ಆಗ ನಮ್ಮ ಮನೆಯವಳು ಹೊರಗೆ ಬಂದಳು. ಚಳಿಯೆಂದು ಸೀರೆಯ ಮೇಲೆ ಕೆಂಪು ಸ್ವೆಟರ್ ಹಾಕಿದ್ದಳು. 1784ರಲ್ಲಿ ಅಮೆರಿಕದ ಸ್ಥಾಪಕರಲ್ಲೊಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಮಗಳಿಗೆ ಬರೆದ ಪತ್ರವೊಂದರಲ್ಲಿ, ದೇಶದ ಲಾಂಛನದಲ್ಲಿರುವ ಹದ್ದಿನ ನಡತೆ ಸರಿಯಿಲ್ಲ, ಅದಕ್ಕಿಂತ ಟರ್ಕಿಯೇ ಮರ್ಯಾದಸ್ಥ ಪಕ್ಷಿ, ಈ ನೆಲದ ನಿಜವಾದ ಮೂಲನಿವಾಸಿ ಎಂದು ಹೊಗಳಿದ್ದಾರೆ. ಸ್ವಲ್ಪ ಒಣಜಂಭ, ಸ್ವಲ್ಪ ಪೆದ್ದುತನ ಇದೆಯಾದರೂ, ಕೆಂಪು ಕೋಟು ತೊಟ್ಟ ಬ್ರಿಟಿಷ್ ಸೈನಿಕ ಅಂಗಳಕ್ಕೆ ಕಾಲಿಟ್ಟರೆ ಮೇಲೆ ಬೀಳಲು ಹಿಂಜರಿಯುವುದಿಲ್ಲ ಎಂದೂ ಸೇರಿಸಿದ್ದಾರೆ. ದೂರದೃಷ್ಟಿಯ ಮನುಷ್ಯ. ಕೆಂಪು ಕಂಡದ್ದೇ ಹಕ್ಕಿ ಕಾರನ್ನು ಬಿಟ್ಟು ಇವಳ ಕಡೆ ತಿರುಗಿತು. ಆದರೆ ಬ್ರಿಟಿಷ್ ಸೈನಿಕನ ಹತ್ತಿರ ಮಲೆನಾಡಿನ ಕೊಡೆ ಇರಲಿಲ್ಲ. ಅದು ಮೂರಡಿ ದೂರಕ್ಕೆ ಬರುವವರೆಗೆ ಸುಮ್ಮನಿದ್ದು ಇವಳು ಕೊಡೆಯನ್ನು ಫಟ್ಟನೆ ಬಿಚ್ಚಿದಳು. ಹತ್ತು ಕಿಲೋ ಹಕ್ಕಿ ನಿಂತಲ್ಲಿಂದಲೇ ನೆಗೆದು, ದಪದಪ ರೆಕ್ಕೆ ಬಡಿದು, ಗ್ಯಾರೇಜಿನ ಚಾವಣಿ ಏರಿತು.

ಅಂದಿನಿಂದ ನಮ್ಮ ಮನೆಯ ಸಾಲು ನಿರ್ಧಾರವಾಯಿತು. ಮೊದಲು ಅವಳು, ಆಮೇಲೆ ಟರ್ಕಿ, ಆಮೇಲೆ ನಾನು. ಎರಡನೆಯ ಸ್ಥಾನ ಕೈತಪ್ಪಿದ್ದಷ್ಟೇ ಹೊಸದು.

ಇದನ್ನು ಹೀಗೇ ಬಿಟ್ಟರೆ ನನಗೊಬ್ಬನಿಗೇ ಅವಮಾನವಾದಂತೆ ಆಗುತ್ತದೆ. ಹಾಗಲ್ಲ. ಅಂಚೆ ಇಲಾಖೆಗೂ ಆಗಿದೆ. ನ್ಯೂಯಾರ್ಕಿನ ದೊಡ್ಡ ಅಂಚೆ ಕಟ್ಟಡದ ಹಣೆಯ ಮೇಲೆ, ಹಿಮವಾಗಲಿ ಮಳೆಯಾಗಲಿ ಬಿಸಿಲಾಗಲಿ ಇರುಳಿನ ಕತ್ತಲೆಯಾಗಲಿ ನಮ್ಮ ಅಂಚೆಯವರನ್ನು ತಡೆಯವು ಎಂಬ ಅರ್ಥದ ಮಾತು ಕೆತ್ತಿದೆ. ಕೋಳಿಯ ಹೆಸರು ಅದರಲ್ಲಿಲ್ಲ. 2022ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಯ ಆರ್ಡನ್-ಆರ್ಕೇಡ್‌ನಲ್ಲಿ ಟರ್ಕಿಗಳು ಅಂಚೆಯವರನ್ನು ಅಟ್ಟಾಡಿಸಿದ ಮೇಲೆ ಕೆಲವು ಮನೆಗಳಿಗೆ ಟಪಾಲು ಬಟವಾಡೆಯೇ ನಿಂತಿತು.

ಅದೇ ರಾಜ್ಯದ ಓಕ್‌ಲ್ಯಾಂಡ್ ನಗರದಲ್ಲಿ ಜೆರಾಲ್ಡ್ ಎಂಬ ಟರ್ಕಿ ಇತ್ತು. 2020ರಲ್ಲಿ ಸಾರ್ವಜನಿಕ ಗುಲಾಬಿ ತೋಟವೊಂದನ್ನು ಅದು ತನ್ನದಾಗಿಸಿಕೊಂಡಿತು. ವಿಹಾರಕ್ಕೆ ಬಂದವರನ್ನು, ಅದರಲ್ಲೂ ವಯಸ್ಸಾದ ಹೆಂಗಸರನ್ನು ಆರಿಸಿ ಕುಕ್ಕಿತು. ನಗರ ಏನು ಮಾಡಿತು? ತೋಟ ಮುಚ್ಚಿತು, ಮನುಷ್ಯರಿಗೆ. ಕೊಲ್ಲಲು ಅನುಮತಿ ಕೊಟ್ಟ ಸುದ್ದಿ ಹೊರಬಿದ್ದಾಗ ಜೆರಾಲ್ಡನ ಪ್ರಾಣ ಉಳಿಸಿ ಎಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ತಿಂಗಳುಗಟ್ಟಲೆ ಯಾರ ಬಲೆಗೂ ಬೀಳದ ಅದನ್ನು ಕೊನೆಗೆ ಹಿಡಿದದ್ದು ಹೇಗೆ ಗೊತ್ತೇ? ವನ್ಯಜೀವಿ ತಜ್ಞೆಯೊಬ್ಬರು ಬೆನ್ನು ಬಾಗಿಸಿ, ನಿಶ್ಶಕ್ತ ಮುದುಕಿಯಂತೆ ನಡೆಯುತ್ತಾ ಹೋದರು. ಜೆರಾಲ್ಡ್ ಅಭ್ಯಾಸಬಲದಿಂದ ಮೇಲೆ ಬಂತು. ಹಿಡಿದು, ಊರಾಚೆಯ ಬೆಟ್ಟದ ಕಡೆಗೆ ಒಯ್ದು ಬಿಟ್ಟರು. ನಮ್ಮಲ್ಲಾದರೆ ಇಷ್ಟು ಜನರನ್ನು ಕುಕ್ಕಿದವರಿಗೆ ಚುನಾವಣೆಯ ಟಿಕೆಟ್ ಕೊಡುತ್ತಿದ್ದರು ಎಂದು ಅಳಿಯಂದಿರು ಹೇಳಿದರು. ಅಳಿಯಂದಿರ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ.

ಹೆಸರಿನ ವಿಚಾರದಲ್ಲಿ ಮಾತ್ರ ನನಗೆ ಈ ಹಕ್ಕಿಯ ಮೇಲೆ ಕನಿಕರ. ಅಪ್ಪಟ ಅಮೆರಿಕದ್ದು, ಇಂಗ್ಲಿಷರು ಅದಕ್ಕೆ ತುರ್ಕಿಯ ಹೆಸರಿಟ್ಟರು. ತುರ್ಕಿಯವರು ನಮ್ಮದಲ್ಲಪ್ಪ ಎಂದು ‘ಹಿಂದಿ’ ಎನ್ನುತ್ತಾರೆ, ಅಂದರೆ ಹಿಂದೂಸ್ತಾನದ್ದು. ಡಚ್ಚರ ‘ಕಾಲ್ಕೂನ್’ ಹುಟ್ಟಿದ್ದು ನಮ್ಮ ನೆರೆಯ ಕಲ್ಲಿಕೋಟೆಯ ಹೆಸರಿನಿಂದ. ಆ ‘ಹಿಂದೂಸ್ತಾನದ’ ಹಕ್ಕಿಯನ್ನು 1612ರಲ್ಲಿ ಗೋವಾದಿಂದ ತರಿಸಿ ಜಹಾಂಗೀರ್ ಬಾದಶಹನ ಮುಂದೆ ನಿಲ್ಲಿಸಿದಾಗ ಆತ ಇಂಥದ್ದನ್ನು ಎಂದೂ ನೋಡಿಲ್ಲವೆಂದು ಬೆರಗಾಗಿ, ಮನ್ಸೂರ್ ಎಂಬ ಚಿತ್ರಕಾರನಿಂದ ಚಿತ್ರ ಬರೆಸಿದ. ಎಲ್ಲ ಭಾಷೆಗಳಲ್ಲೂ ಪರದೇಶಿಯಾದದ್ದು ಇಲ್ಲಿ ಯಾವ ಕಾಗದಪತ್ರವೂ ಇಲ್ಲದೆ ನಡುಬೀದಿಯಲ್ಲಿ ನಿಂತು ವಾಹನಗಳನ್ನು ನಿಲ್ಲಿಸುತ್ತದೆ. ಅಸಲಿ ಹಿಂದೂಸ್ತಾನದವನಾದ ನನಗೆ ಆರು ತಿಂಗಳ ಅನುಮತಿ.

ಆ ಆರು ತಿಂಗಳು ಮುಗಿಯುತ್ತಾ ಬಂದಾಗ, ಮನೆಮನೆಯಲ್ಲೂ ಟರ್ಕಿ ಬೇಯಿಸುವ ಇಲ್ಲಿಯವರ ಹಬ್ಬ ಥ್ಯಾಂಕ್ಸ್‌ಗಿವಿಂಗ್ ಬಂತು. ಪಕ್ಕದ ಮನೆಯ ದಂಪತಿ ಊಟಕ್ಕೆ ಕರೆದರು. ನಾವು ಚಿತ್ರಾನ್ನ ಮಾಡಿಕೊಂಡು ಹೋದೆವು. ಟಿ.ವಿ.ಯಲ್ಲಿ ಶ್ವೇತಭವನದ ಅಂಗಳ ತೋರಿಸುತ್ತಿದ್ದರು. ಪ್ರತಿ ವರ್ಷ ಅಲ್ಲಿಗೆ ಫಾರಮ್ಮಿನಿಂದ ಎರಡು ಬಿಳಿಯ ಟರ್ಕಿಗಳು ಬರುತ್ತವೆ. ಹಿಂದಿನ ರಾತ್ರಿಗಳಲ್ಲಿ ವಾಷಿಂಗ್ಟನ್ನಿನ ದುಬಾರಿ ಹೋಟೆಲಿನಲ್ಲಿ ಅವುಗಳಿಗೆ ಕೋಣೆ. ಅಧ್ಯಕ್ಷರು ಕೈ ಎತ್ತಿ ಕ್ಷಮಾದಾನ ಘೋಷಿಸುತ್ತಾರೆ. 1989ರಲ್ಲಿ ಹಿರಿಯ ಬುಷ್ ಅವರ ಕಾಲದಿಂದ ಇದು ವಿಧಿವತ್ತಾಗಿ ನಡೆದು ಬಂದಿದೆ. ಆ ಎರಡು ಹಕ್ಕಿಗಳು ಮಾಡಿದ ಅಪರಾಧವೇನು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಅದೇ ಹಬ್ಬಕ್ಕೆ ಸುಮಾರು 4.6 ಕೋಟಿ ಟರ್ಕಿಗಳು ಒಲೆ ಸೇರುತ್ತವೆ ಎಂದು ಸಾಕಣೆದಾರರ ಸಂಘದ ಲೆಕ್ಕ. ಅವೂ ಯಾರನ್ನೂ ಕುಕ್ಕಿದವಲ್ಲ, ಕಾರು ತಡೆದವಲ್ಲ, ಅಂಚೆಯವನನ್ನು ಕಣ್ಣಿಂದಲೂ ಕಂಡವಲ್ಲ. ಕೋಳಿಯನ್ನು ಕೇಳಿ ಯಾರು ತಾನೇ ಮಸಾಲೆ ಅರೆಯುತ್ತಾರೆ?

ಮೇಜಿನ ನಡುವೆ ಕಂದುಬಣ್ಣಕ್ಕೆ ಬೆಂದ ಒಂದು ಟರ್ಕಿ. ಮನೆಯ ಯಜಮಾನರು ಚೂರಿ ಎತ್ತಿಕೊಂಡರು. ಅಷ್ಟರಲ್ಲಿ ಹಿಂದಿನ ಗಾಜಿನ ಬಾಗಿಲಿನಲ್ಲಿ ಟಕಟಕ ಸದ್ದು. ನಮ್ಮವನೇ. ಗರಿ ಬಿಚ್ಚಿಕೊಂಡು, ಗಾಜಿನಲ್ಲಿ ಕಂಡ ಶತ್ರುವಿನ ಮೇಲೆ ಯುದ್ಧ ಸಾರಿದ್ದ. ನಮ್ಮ ಮನೆಯವಳು ಕೊಡೆಗಾಗಿ ಸುತ್ತ ನೋಡಿದಳು. ಯಜಮಾನರು ಬೇಡವೆಂದು ಸನ್ನೆ ಮಾಡಿ, ಚೂರಿ ಹಿಡಿದುಕೊಂಡೇ ತುದಿಗಾಲಲ್ಲಿ ನಡೆದು ಹೋಗಿ ಪರದೆ ಎಳೆದರು. ಪ್ರತಿಬಿಂಬ ಕಂಡರೆ ಪಾಪ, ಅದರ ಮನಸ್ಸು ಕೆಡುತ್ತದೆ ಎಂದು ಪಿಸುಗುಟ್ಟಿ, ಮರಳಿ ಬಂದು ಮೇಜಿನ ಮೇಲಿದ್ದದರ ತೊಡೆ ಕತ್ತರಿಸತೊಡಗಿದರು.