ಬೆಂಗಳೂರಾ? ಹಾಗಾದರೆ ಕೋಲಾರ ಹತ್ತಿರ ಆಯ್ತಲ್ಲ!

ನಾವು ಹೊರಟಿದ್ದು ಮೌಂಟ್ ರಶ್ಮೋರ್ ನೋಡಲು. ಶಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಕಾರಿನಲ್ಲಿ ಒಂದಿಡೀ ದಿನದ ದಾರಿ, ಡಿಕ್ಕಿಯಲ್ಲಿ ಪುಳಿಯೋಗರೆ ಗೊಜ್ಜು, ರೈಸ್ ಕುಕ್ಕರು, ಚಕ್ಕುಲಿ ಡಬ್ಬ. ಆ ಕಲ್ಲಿನ ತಲೆಗಳನ್ನು ನೋಡಿ ಮುಗಿಸಲು ಅರ್ಧ ಗಂಟೆ ಸಾಕಾಯ್ತು. ಉಳಿದ ದಿನ ಏನು ಮಾಡುವುದು ಅಂತ ಹತ್ತಿರದ ಲೀಡ್ ಅನ್ನೋ ಪುಟ್ಟ ಊರಿಗೆ ಹೋದೆವು. ಅಲ್ಲಿ ಹೋಮ್‌ಸ್ಟೇಕ್ ಅಂತ ಹಳೇ ಚಿನ್ನದ ಗಣಿ ಇದೆ. ಈಗ ಅದು ಭೌತವಿಜ್ಞಾನದ ಪ್ರಯೋಗಾಲಯ.

ಅಲ್ಲಿ ಬಂದವರಿಗೆ ಗಣಿ ತೋರಿಸುವ ಒಬ್ಬ ಅಜ್ಜ ಇದ್ದರು, ಒಂದು ಕಾಲದಲ್ಲಿ ಅದೇ ಗಣಿಯಲ್ಲಿ ದುಡಿದವರು. ಯಾವ ಊರು ಅಂತ ಕೇಳಿದರು. ಅಭ್ಯಾಸಬಲ, ಬೆಂಗಳೂರು ಅಂದೆ. ಬಂಗಾರಪೇಟೆ ಅಂದರೆ ಇಲ್ಲಿ ಯಾರಿಗೆ ತಿಳಿಯುತ್ತೆ? ಅಜ್ಜನ ಮುಖ ಅರಳಿತು. 'ಹಾಗಾದರೆ ಕೋಲಾರ ಹತ್ತಿರ ಆಯ್ತಲ್ಲ! ನಮಗಿಂತ ಮೊದಲೇ ಗಣಿಯೊಳಗೆ ನ್ಯೂಟ್ರಿನೊ ಹಿಡಿದವರು ನೀವು' ಅಂದರು. ನಾನು ಹಲ್ಲು ಕಿರಿದು ಹೌದೌದು ಅಂದೆ. ಸೋದರಮಾವ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೋಲಾರದ ಚಿನ್ನದ ಗಣಿ ನಡೆಸುತ್ತಿದ್ದ ಬಿಜಿಎಂಎಲ್ ಕಂಪನಿಯಲ್ಲಿ ಪಂಪು ಓಡಿಸಿದವರು. ನನಗೆ ಆ ವಿಷಯದ ಗಾಳಿಗಂಧವೂ ಇರಲಿಲ್ಲ.

ರಾತ್ರಿ ಹೋಟೆಲಿನಲ್ಲಿ ಕೂತು ಓದಿದೆ. ನ್ಯೂಟ್ರಿನೊ ಅಂದರೆ ಯಾವುದಕ್ಕೂ ಹೆಚ್ಚಾಗಿ ತಾಗದೆ ಹಾದುಹೋಗುವ ಪುಟಾಣಿ ಕಣ. ಅಜ್ಜ ಹೇಳಿದ್ದು ನಿಜ. 1965ರಲ್ಲಿ ಕೋಲಾರದ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನ ಕಡೆ, ನೆಲದಿಂದ 2.3 ಕಿಲೋಮೀಟರ್ ಕೆಳಗೆ, ಮುಂಬೈನ ಟಿಐಎಫ್ಆರ್ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್‌ನವರ ಜೊತೆ ಸೇರಿ, ಆಕಾಶದಿಂದ ಬರುವ ಕಿರಣಗಳು ನಮ್ಮ ಗಾಳಿಗೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಕಂಡಿತ್ತು. ಆದರೆ ಅಚ್ಚಿನಲ್ಲಿ ಮೊದಲು ಬಂದದ್ದು ಕೋಲಾರದ್ದು. ಆ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಮ್ಮ ನಂಜನಗೂಡಿನವರು. ನಮ್ಮ ಸ್ಕೂಲಿನಲ್ಲಿ ಇದನ್ನು ಯಾರೂ ಹೇಳಲಿಲ್ಲ. ಗಣಿ ಅಂದರೆ ಸೈನೈಡ್ ದಿಬ್ಬ, ಬೇಸಿಗೆಯಲ್ಲಿ ಅದರ ಧೂಳು, ಅಷ್ಟೇ.

ಅಷ್ಟು ಕೆಳಗೆ ಯಾಕೆ ಇಳಿಯಬೇಕು ಅಂದರೆ, ಮೇಲೆ ಗಲಾಟೆ ಜಾಸ್ತಿ. ಸಂತೆಯಲ್ಲಿ ಪಿಸುಮಾತು ಕೇಳಿಸುತ್ತಾ? ಆಕಾಶದಿಂದ ಸುರಿಯುವ ಬೇರೆ ಕಣಗಳನ್ನೆಲ್ಲ ಕಲ್ಲು ಸೋಸಿಬಿಡುತ್ತೆ, ನ್ಯೂಟ್ರಿನೊ ಮಾತ್ರ ಏನೂ ಆಗದ ಹಾಗೆ ದಾಟಿಬರುತ್ತೆ. ಅಂಥ ಆಳವನ್ನು ಹೊಸದಾಗಿ ಕೊರೆಯಲು ಕೈಯಲ್ಲಿ ದುಡ್ಡು ಬೇಕು. ಚಿನ್ನದ ಆಸೆಗೆ ಆಗಲೇ ಕೊರೆದಿಟ್ಟ ತೂತು ಸಿಕ್ಕರೆ ಅದಕ್ಕಿಂತ ಭಾಗ್ಯ ಇಲ್ಲ.

ನನಗೆ ಹೊಟ್ಟೆ ಉರಿದದ್ದು ಇಲ್ಲೇ. ಹೋಮ್‌ಸ್ಟೇಕ್‌ನಲ್ಲೂ ನಮ್ಮ ಹಾಗೇ ಚಿನ್ನ ತೆಗೆದರು, ನಮ್ಮ ಹಾಗೇ ವಿಜ್ಞಾನಿಗಳು ಇಳಿದರು. ರೇ ಡೇವಿಸ್ ಅನ್ನುವವರು ಡ್ರೈಕ್ಲೀನಿಂಗಿಗೆ ಬಳಸುವ ದ್ರವವನ್ನು ದೊಡ್ಡ ತೊಟ್ಟಿಯಲ್ಲಿ ತುಂಬಿಟ್ಟು ಸೂರ್ಯನ ನ್ಯೂಟ್ರಿನೊ ಎಣಿಸಿದರು. ಲೆಕ್ಕದ ಪ್ರಕಾರ ಬರಬೇಕಾದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಸಿಕ್ಕಿತು, ಅದಕ್ಕೇ 2002ರಲ್ಲಿ ನೊಬೆಲ್ ಬಂತು. ಅಲ್ಲಿ ಗಣಿ ಮುಚ್ಚಿದ್ದು 2002, ನಮ್ಮದು 2001. ಒಂದು ವರ್ಷದ ಅಂತರ. ಈಗ ನೋಡಿ. ಅಲ್ಲಿ ಒಂದೂವರೆ ಕಿಲೋಮೀಟರ್ ಕೆಳಗೆ ಎಲ್‌ಝಡ್ ಅನ್ನುವ ಪ್ರಯೋಗ ನಡೀತಿದೆ, ಏಳು ಟನ್ ದ್ರವ ಕ್ಸೆನಾನ್ ಇಟ್ಟುಕೊಂಡು ಕಾಣದ ವಸ್ತು, ಅದೇ ಡಾರ್ಕ್ ಮ್ಯಾಟರ್, ಬಂದು ತಟ್ಟುತ್ತಾ ಅಂತ ಕಾಯುತ್ತಾರೆ. 2024ರಲ್ಲಿ 280 ದಿನದ ಲೆಕ್ಕ ಕೊಟ್ಟರು: ಏನೂ ಸಿಕ್ಕಿಲ್ಲ. ಆದರೂ ಆ 'ಇಲ್ಲ' ಜಗತ್ತಿನಲ್ಲೇ ಅತಿ ಖಚಿತವಾದ 'ಇಲ್ಲ' ಆಗಿತ್ತು! ಪಕ್ಕದಲ್ಲೇ ಡ್ಯೂನ್ ಅನ್ನುವ ನ್ಯೂಟ್ರಿನೊ ಪ್ರಯೋಗಕ್ಕಾಗಿ ಸುಮಾರು 8 ಲಕ್ಷ ಟನ್ ಕಲ್ಲು ತೆಗೆದು ಗುಹೆ ಕೊರೆದಿದ್ದಾರೆ. ಅಲ್ಲಿಗೆ ನ್ಯೂಟ್ರಿನೊ ಹೊರಡುವುದು ನಮ್ಮ ಮನೆ ಹತ್ತಿರದ ಫರ್ಮಿಲ್ಯಾಬ್ ಪ್ರಯೋಗಾಲಯದಿಂದ, 1,300 ಕಿಲೋಮೀಟರ್ ನೆಲದೊಳಗೆ, ಸುರಂಗ ಗಿರಂಗ ಏನೂ ಇಲ್ಲದೆ. ನಾವು ಪುಳಿಯೋಗರೆ ತಿನ್ನುತ್ತಾ ಇಡೀ ದಿನ ಹೋದ ದಾರಿಗೆ ಅದಕ್ಕೆ ಸೆಕೆಂಡಿನ ಇನ್ನೂರನೇ ಒಂದು ಭಾಗವೂ ಬೇಡ. ಆ ಗುಹೆಯಲ್ಲಿ ಪ್ರೋಟಾನ್ ಒಡೆಯುತ್ತಾ ಅನ್ನೋದನ್ನೂ ಕಾದು ನೋಡುತ್ತಾರಂತೆ. ಆ ಪ್ರಶ್ನೆಯನ್ನು 1980ರಲ್ಲೇ ಕೋಲಾರದಲ್ಲಿ, 140 ಟನ್ ಕಬ್ಬಿಣ ಜೋಡಿಸಿಟ್ಟು ಕೇಳಿದ್ದೆವಲ್ಲ!

ನಮ್ಮ ಗಣಿಯಲ್ಲಿ ಈಗ ನೀರು. ಬದಲಿಗೆ ತಮಿಳುನಾಡಿನ ತೇಣಿಯ ಬೆಟ್ಟದಲ್ಲಿ ಐಎನ್‌ಒ ಅನ್ನುವ ನ್ಯೂಟ್ರಿನೊ ಪ್ರಯೋಗಾಲಯ ಮಾಡುತ್ತೇವೆ ಅಂತ 2015ರಲ್ಲಿ 1,500 ಕೋಟಿಗೆ ಕೇಂದ್ರ ಒಪ್ಪಿಗೆ ಕೊಟ್ಟಿತು. ಊರವರ ವಿರೋಧ, ಕೋರ್ಟು, ತಮಿಳುನಾಡು ಸರಕಾರದ 'ಬೇಡ', ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಚೀನಾದವರು 20,000 ಟನ್ ದ್ರವ ತುಂಬಿದ, ನ್ಯೂಟ್ರಿನೊ ಹಿಡಿಯುವ ಜೂನೊ ಕಟ್ಟಿ, 2025ರ ಆಗಸ್ಟಿನಲ್ಲಿ ಶುರು ಮಾಡಿ, ಬರೀ 59 ದಿನದ ಲೆಕ್ಕದಲ್ಲಿ ಹೊಸ ಫಲಿತಾಂಶ ಕೊಟ್ಟರು. ನಾವು ಮೊದಲು ಮಾಡುತ್ತೇವೆ, ಆಮೇಲೆ ಮರೆಯುತ್ತೇವೆ ಅಂತ ಫೇಸ್‌ಬುಕ್ಕಿನಲ್ಲಿ ಉದ್ದಕ್ಕೆ ಬರೆಯೋದರಲ್ಲಿದ್ದೆ. ಹೆಂಡತಿ, 'ಮೊದಲು ಮಾವಂಗೆ ಫೋನ್ ಮಾಡಿ' ಅಂದಳು.

ಮಾವ ಪೂರ್ತಿ ಕೇಳಿಸಿಕೊಂಡರು. 'ಕಬ್ಬಿಣದ ಪೆಟ್ಟಿಗೆ ಇಟ್ಕೊಂಡು ಕೂತಿರ್ತಿದ್ರಲ್ಲ, ಬಾಂಬೆಯೋರು, ನೋಡಿದೀನಿ' ಅಂದರು. ನನ್ನ ಆವೇಶ ಮಾತ್ರ ಅವರಿಗೆ ಹಿಡಿಸಲಿಲ್ಲ. 'ಒಳಗಿನ ಕಾವು ನಿಂಗೇನೋ ಗೊತ್ತು? ಬಂಡೆ ಸಿಡಿದರೆ ಮೇಲೆ ರಾಬರ್ಟ್‌ಸನ್‌ಪೇಟೇಲಿ ಪಾತ್ರೆ ಅಲ್ಲಾಡೋದು. ಗಣಿ ಮುಚ್ಚಿದಾಗ ನಮಗೆ ಸಂಬಳದ ಚಿಂತೆ ಕಣೋ, ನಿನ್ನ ನ್ಯೂಟ್ರಿನೊದ್ದಲ್ಲ.'

ಏನು ಹೇಳಲಿ. ನಿಜ ಹೇಳಬೇಕಂದರೆ ಹೋಮ್‌ಸ್ಟೇಕ್ ಕೂಡ ಸುಮ್ನೆ ಉಳಿದದ್ದಲ್ಲ. 2003ರಲ್ಲಿ ಅಲ್ಲೂ ಪಂಪು ನಿಲ್ಲಿಸಿದ್ದರು, ನೀರು ಏರಿತ್ತು. ಆಮೇಲೆ ಗಣಿ ಕಂಪನಿ ಜಾಗವನ್ನು ರಾಜ್ಯಕ್ಕೆ ಬಿಟ್ಟುಕೊಟ್ಟಿತು, ಸ್ಯಾನ್‌ಫೋರ್ಡ್ ಅನ್ನುವ ಸಾಹುಕಾರರು 7 ಕೋಟಿ ಡಾಲರ್ ಕೊಟ್ಟರು, ಪಂಪು ಮತ್ತೆ ಓಡಿತು. ಡ್ಯೂನ್ ಕೂಡ ವರ್ಷಗಟ್ಟಲೆ ತಡ, ಖರ್ಚು ಅಂದಾಜು ಮೀರಿದೆ. ಇನ್ನು ಆ ಬೆಟ್ಟಗಳು ಮೂಲದಲ್ಲಿ ಲಕೋಟಾ ಜನರವು, ಒಪ್ಪಂದ ಮುರಿದು ಕಿತ್ತುಕೊಂಡದ್ದು, ಅದನ್ನು ಯಾಕೋ ನಾನು ಮಾವನಿಗೆ ಹೇಳಲಿಲ್ಲ.

ನೀರು ಎತ್ತಿದ ಕತೆ ಮಾತ್ರ ಹೇಳಿದೆ. ಮಾವ ಒಂದು ಗಳಿಗೆ ಸುಮ್ಮನಿದ್ದರು.

'ಐದು ವರ್ಷ ನಿಂತ ನೀರನ್ನ ಎತ್ತಿದ್ರಾ?'

'ಹೂಂ ಮಾವ. ಈಗಲೂ ಪಂಪು ಓಡ್ತಾನೇ ಇದೆ.'

'ಎಷ್ಟು ಅಡಿಗೊಂದು ಪಂಪು ಇಟ್ಟಿದಾರಂತೆ?'

ಅದನ್ನು ನಾನು ಆ ಅಜ್ಜನ ಹತ್ತಿರ ಕೇಳಿರಲಿಲ್ಲ.